ಕೆಣಕುವ ಮಾತು

ಇಂಗ್ಲಿಷಿನಲ್ಲಿ ‘ಪ್ರೊವೊಕೇಟಿವ್’ ಎಂಬ ವಿಶೇಷಣವೊಂದಿದೆ. ಕೇಳಿದವನಲ್ಲಿ, ನೋಡಿದವನಲ್ಲಿ ಏನಾದರೊಂದನ್ನು, ಸಿಟ್ಟನ್ನೋ ಆಸೆಯನ್ನೋ ವಿಚಾರವನ್ನೋ, ಎಬ್ಬಿಸುವಂಥದು ಎಂದು ಅದರ ಅರ್ಥ. ಕೇಳುಗ ಮಿತ್ರರೆ, ಈ ಒಂದು ಪದದಿಂದ ನಾನೊಮ್ಮೆ ಬಡ ನಾಟಕ ಮಂಡಳಿಯೊಂದಕ್ಕೆ ನಷ್ಟವನ್ನುಂಟುಮಾಡಿದ್ದೇನೆ.

ಮಂಡಳಿ ಹಡಗಲಿಯ ಕಡೆಯದು. ಕೊಟ್ಟೂರಿನ ರಥೋತ್ಸವದ ದಿನಗಳಲ್ಲಿ ಅವರ ಆಟವನ್ನು ನೋಡಿದ ಅತಿಥಿಯೊಬ್ಬರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರೆದುಕೊಟ್ಟರು. ಮೆಚ್ಚುಗೆಯ ಮುಖ್ಯ ಮಾತೇ ಈ ವಿಶೇಷಣ. ಕರಪತ್ರಕ್ಕಾಗಿ ಅನುವಾದಿಸಿದ ನಾನು ‘ಪ್ರಚೋದನಕಾರಿ ನಾಟಕ’ ಎಂದು ಬರೆದೆ. ಕರಪತ್ರ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿಗಳಲ್ಲೆಲ್ಲ ಹಂಚಿಹೋಯಿತು. ಮುಂದಿನ ಊರಿನಲ್ಲಿ ಅನುಮತಿ ಕೊಡಬೇಕಾದವರು ಅದನ್ನೋದಿ ಆಟವನ್ನೇ ತಡೆದರು. ಮಂಡಳಿಯ ಹಿರಿಯರು ಬಂದು, “ಮೇಷ್ಟ್ರೆ, ಬಡಿದಾಡೋ ಮಾತು ನಮ್ಮ ನಾಟಕದಾಗ ಒಂದೂ ಇಲ್ಲ. ಮತ್ಯಾಕ ಹಂಗ ಬರದ್ರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕುತ್ತ ಹೋದರೆ ನಮ್ಮ ಸೀಮೆಯ ಚರಿತ್ರೆಯೇ ಎದುರಾಗುತ್ತದೆ. 1800ರಲ್ಲಿ ನಿಜಾಮನು ಈ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರ ವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ. ಅದೇ ಬಳ್ಳಾರಿ ಮಿಷನ್ನಿನ ವಿಲಿಯಂ ರೀವ್ ರಚಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಆ ಪಾದ್ರಿಗಳು ಓದಿ ಬೆಳೆದ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ವಿಶೇಷಣದ ಮೂಲ ಕ್ರಿಯಾಪದಕ್ಕೆ ಎರಡು ಮುಖ: ದೇವರನ್ನು ಸಿಟ್ಟಿಗೇಳಿಸುವುದಕ್ಕೂ ಅದೇ ಪದ, ಹೀಬ್ರೂಗಳಿಗೆ ಬರೆದ ಪತ್ರದಲ್ಲಿ ಒಬ್ಬರನ್ನೊಬ್ಬರು ಪ್ರೀತಿಗೆ, ಸತ್ಕಾರ್ಯಕ್ಕೆ ಹುರಿದುಂಬಿಸುವುದಕ್ಕೂ ಅದೇ ಪದ.

ಆದರೆ ನಮ್ಮ ಜನರಿಗೆ ಪದವನ್ನು ಪರಿಚಯ ಮಾಡಿಸಿದ್ದು ಧರ್ಮಗ್ರಂಥಕ್ಕಿಂತ ಹೆಚ್ಚಾಗಿ ಕಚೇರಿ. 1860ರ ದಂಡಸಂಹಿತೆಯ 153ನೆಯ ಕಲಮು, ದೊಂಬಿಯೇಳಲೆಂದು ಕಾನೂನುಬಾಹಿರ ಕೃತ್ಯದಿಂದ ಜನರನ್ನು ಕೆರಳಿಸಿದವನಿಗೆ ಶಿಕ್ಷೆ ವಿಧಿಸಿತು. ದೊಂಬಿಯೆದ್ದರೆ ಒಂದು ವರ್ಷದ ವರೆಗೆ, ಏಳದಿದ್ದರೆ ಆರು ತಿಂಗಳ ವರೆಗೆ ಸೆರೆ. ಅದೇ ಸಂಹಿತೆ ಇನ್ನೊಂದೆಡೆ, ಗಂಭೀರವೂ ಹಠಾತ್ತೂ ಆದ ಕೆರಳಿಕೆಗೆ ಸಿಕ್ಕಿ ಕೊಂದವನ ಅಪರಾಧವನ್ನು ಕೊಲೆಯ ಮಟ್ಟದಿಂದ ಕೆಳಗಿಳಿಸಿತು. ಕೆರಳಿಸಿದವನು ಅಪರಾಧಿ, ಕೆರಳಿದವನಿಗೆ ರಿಯಾಯಿತಿ! 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನ್ಯಾಯಸಂಹಿತೆಯೂ ಈ ಎರಡನ್ನೂ ಉಳಿಸಿಕೊಂಡಿದೆ.

ಹೀಗೆ ‘ಪ್ರಚೋದನಕಾರಿ ಭಾಷಣ’ ಎಂದೊಡನೆ ನಮಗೆ ಲಾಠಿ ಕಾಣಿಸುತ್ತದೆ. ಪ್ರಚೋದನೆಯ ಕುಲವನ್ನು ನೋಡಿದರೆ ಇದು ವಿಚಿತ್ರ. ‘ಚುದ್’ ಧಾತುವಿನಿಂದ ಬಂದ ಈ ಪದದ ಸೋದರವೇ ಗಾಯತ್ರಿಯ ಕೊನೆಯಲ್ಲಿದೆ. ಅಲ್ಲಿ ಪ್ರಚೋದನೆಗೊಳ್ಳಬೇಕಾದದ್ದು ಬುದ್ಧಿ. ಸಾಹಿತ್ಯದ ಮಂದಿ ‘ವಿಚಾರಪ್ರಚೋದಕ’ ಎಂದಾಗ ಆ ಹಳೆಯ ಗೌರವ ಮರಳುತ್ತದೆ. ‘ಕಾರಿ’ ಎಂಬ ಬಾಲ ಬಂದರೆ ಪೊಲೀಸರು ಬರುತ್ತಾರೆ. ನಾನು ಎಡವಿದ್ದು ಈ ಬಾಲದಲ್ಲಿಯೇ.

ದೊಡ್ಡವರೂ ಈ ಪದದೊಡನೆ ಸೆಣಸಿದ್ದಾರೆ. ಅ.ನ.ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾಸಮಸ್ಯೆಯನ್ನೆತ್ತಿಕೊಂಡಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು ಪದದಿಂದ ನುಣುಚಿಕೊಳ್ಳಲಿಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ವಾದಕ್ಕಿಳಿದರು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಪ್ರಿಯವಾದದ್ದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರಿಗೆ ಕನ್ನಡ ಪುಸ್ತಕವೆಂದರೆ ಮೊದಲು ತಾತ್ಸಾರ. ಅದೇ ಅ.ನ.ಕೃ. ಅವರ ‘ಸಂಧ್ಯಾರಾಗ’ ಕೈಗೆ ಬಂದು ಅವರನ್ನು ಅಲ್ಲಾಡಿಸಿತು. ನಮಗೆ ಬೀchi ಸಿಕ್ಕಿದರು. ಒಂದು ಕಾದಂಬರಿ ಒಬ್ಬ ಓದುಗನಲ್ಲಿ ಎಬ್ಬಿಸಿದ್ದು ದೊಂಬಿಯನ್ನಲ್ಲ, ಒಬ್ಬ ಲೇಖಕನನ್ನು. ತಮಾಷೆಯೆಂದರೆ ಬೀchi ನೌಕರಿ ಮಾಡಿದ್ದು ಪೊಲೀಸ್ ಇಲಾಖೆಯಲ್ಲಿ. ತಿಂಮನ ಬಾಯಲ್ಲಿ ಅವರಾಡಿಸಿದ ಮಾತುಗಳು ಚುಚ್ಚಿದವರೆಷ್ಟು ಮಂದಿಯನ್ನೋ. ಚುಚ್ಚಿಸಿಕೊಂಡವರೇ ಮೊದಲು ನಕ್ಕರು.

ಇದಕ್ಕೆ ಅಚ್ಚಗನ್ನಡದಲ್ಲಿ ‘ಕೆಣಕು’ ಎಂಬ ಪದವಿದೆ. ಹುಲಿಯನ್ನೂ ಕೆಣಕಬಹುದು, ನೆನಪನ್ನೂ ಕೆಣಕಬಹುದು. ಕೆಣಕಿದಾಗ ಏನೇಳುತ್ತದೆಂಬುದು ಕೆಣಕಿಸಿಕೊಂಡದ್ದರ ಸ್ವಭಾವಕ್ಕೆ ಸೇರಿದ್ದು. ‘ಕಾರಿ’ಯಾದರೋ ಹೊಣೆಯನ್ನೆಲ್ಲ ಮಾತಿನ ತಲೆಗೇ ಕಟ್ಟುತ್ತದೆ. ಅಂದು ‘ಕೆಣಕುವ ನಾಟಕ’ ಎಂದು ಬರೆದಿದ್ದರೆ ಆಟ ನಡೆಯುತ್ತಿತ್ತೇನೋ.

ಮರುವರ್ಷ ಅದೇ ಹಿರಿಯರೊಡನೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕ ಕೇಳಲು ಹೋಗಿದ್ದೆ. ಕಂಬಳಿಯ ಉಡುಪಿನ ಗೊರವಯ್ಯ ಆಳೆತ್ತರಕ್ಕೂ ಮೀರಿದ ಬಿಲ್ಲನ್ನೇರಿ ನಿಂತ. ಅಷ್ಟು ದೊಡ್ಡ ಜನಸ್ತೋಮ ಒಮ್ಮೆಲೇ ಮೌನವಾಯಿತು. ಒಂದೇ ಒಂದು ವಾಕ್ಯವನ್ನಾಡಿ ಅವನು ಮೇಲಿನಿಂದ ಬಿದ್ದ, ಕೆಳಗಿದ್ದವರು ಹಿಡಿದುಕೊಂಡರು. ಹಿಂದಿರುಗುವ ಹಾದಿಯುದ್ದಕ್ಕೂ ಬಂಡಿಯಲ್ಲಿ ಜಗಳ: ಅದು ಮಳೆಯ ಮಾತೆಂದು ಒಬ್ಬ, ಜೋಳದ ಧಾರಣೆಯೆಂದು ಇನ್ನೊಬ್ಬ, ರಾಜ್ಯವಾಳುವವರ ಕುರ್ಚಿಯದೆಂದು ಮತ್ತೊಬ್ಬ. ಹಿರಿಯರು ನನ್ನ ಕಡೆ ಬಾಗಿ, “ಆ ಇಂಗ್ಲಿಷ್ ಸಾಹೇಬ್ರು ನಮ್ಮ ನಾಟಕಕ್ಕ ಅಂದದ್ದು ಇದನ್ನೇನ್ರಿ?” ಎಂದು ಕೇಳಿದರು. ಹೌದೆಂದೆ. “ಹಂಗಂದ್ರ ಅವರು ಹೊಗಳಿದ್ರು ಬಿಡ್ರಿ,” ಎಂದವರೇ ತಿರುಗಿ ಕುಳಿತು, ಅದು ಮಳೆಯ ಮಾತೇ ಅಲ್ಲವೆಂದು ವಾದಕ್ಕೆ ನಿಂತರು.