ಮರಿ ಮೊಲ ಮನೆಗೆ ಬಂದಿದೆಯೇ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮರಿ ಮೊಲ ತಂದ ಮನೆಗಳಲ್ಲಿ ಮೊದಲ ವಾರವೇ ಗಾಬರಿ ಶುರುವಾಗುತ್ತದೆ. ಮೂತ್ರ ಕೆಂಪಗಿದೆ, ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿದೆ ಎಂದು ಭಯಪಡುವವರು, ಮರಿ ಮೇವು ಮುಟ್ಟದಿದ್ದಾಗ ಮಾತ್ರ "ಹೊಸ ಜಾಗ, ನಾಳೆ ತಿನ್ನುತ್ತೆ ಬಿಡಿ" ಎಂದು ಸುಮ್ಮನಾಗುತ್ತಾರೆ. ನಿಜವಾದ ಅಪಾಯ ಇರುವುದು ಇಲ್ಲಿಯೇ. ಕಾರಣವೇನೆಂದು ನೋಡೋಣ.

ತಿನ್ನುವುದು ನಿಂತರೆ ಏಕೆ ಅಪಾಯ?

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಸಾಗಬೇಕು. ಕರುಳು ಸರಿಯಾಗಿ ಚಲಿಸಲು ನಾರಿನಂಶ ಒಳಗೆ ಹೋಗುತ್ತಲೇ ಇರಬೇಕು. ತಿನ್ನುವುದು ನಿಂತರೆ ಕರುಳು ನಿಧಾನವಾಗುತ್ತದೆ, ಅನಿಲ ತುಂಬಿ ಹೊಟ್ಟೆ ನೋಯುತ್ತದೆ, ನೋವಿಗೆ ಮರಿ ಇನ್ನಷ್ಟು ಮೇವು ಬಿಡುತ್ತದೆ. ದೊಡ್ಡ ಮೊಲ 12 ಗಂಟೆ ಏನೂ ತಿನ್ನದಿದ್ದರೆ ಅದನ್ನು ತುರ್ತು ಸ್ಥಿತಿ ಎಂದೇ ಪರಿಗಣಿಸುತ್ತಾರೆ. ಮರಿಗಳ ವಿಷಯದಲ್ಲಿ ಅಷ್ಟು ಹೊತ್ತೂ ಕಾಯಬಾರದು. ಬೇಟೆಗೆ ಬಲಿಯಾಗುವ ಪ್ರಾಣಿಯಾದ್ದರಿಂದ ಮೊಲ ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಅಂಗೈಯಗಲದ ಮರಿ ತರಬಹುದೇ?

ಬೇಡ. 8 ವಾರ ತುಂಬುವವರೆಗೆ ಮರಿ ತಾಯಿಯ ಜೊತೆ ಇರುವುದು ಒಳ್ಳೆಯದು. ದೊಡ್ಡ ಮೊಲದ ಜಠರದಲ್ಲಿ ಆಮ್ಲ ಬಹಳ ಪ್ರಬಲ, ರೋಗಾಣುಗಳನ್ನು ಅದೇ ಕೊಲ್ಲುತ್ತದೆ. ಮರಿಗಳಲ್ಲಿ ಆಮ್ಲ ಇನ್ನೂ ದುರ್ಬಲವಾಗಿದ್ದು, ಆ ಕೊರತೆಯನ್ನು ತಾಯಿಯ ಹಾಲು ತುಂಬಿಕೊಡುತ್ತದೆ. ಬೇಗ ಹಾಲು ಬಿಡಿಸಿದರೆ ಎರಡೂ ರಕ್ಷಣೆ ಇಲ್ಲದ ಅವಧಿ ಬರುತ್ತದೆ. ಅದೇ ಹೊತ್ತಿಗೆ ಹೊಸ ಮನೆ, ಹೊಸ ಮೇವು, ಪ್ರಯಾಣದ ಒತ್ತಡ ಸೇರಿದರೆ ಭೇದಿ ಶುರುವಾಗುವುದು ಸುಲಭ. ಇನ್ನೂ ಹುಲ್ಲು ತಿನ್ನಲು ಕಲಿಯದ ಮರಿ ಬಂದಿದ್ದರೆ, ಸಾಧ್ಯವಾದಷ್ಟೂ ತಾಯಿಯ ಬಳಿಗೇ ಹಿಂತಿರುಗಿಸಿ.

ಇವಕ್ಕೆ ಹೆದರಬೇಕಿಲ್ಲ

* ಹಿಕ್ಕೆ ತಿನ್ನುವುದು: ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ಗಟ್ಟಿ, ದುಂಡಗಿನದು. ಇನ್ನೊಂದು ಮೆತ್ತಗೆ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುವುದು. ಎರಡನೆಯದರಲ್ಲಿ ಬಿ ವಿಟಮಿನ್ ಮತ್ತು ಪ್ರೋಟೀನ್ ಇರುತ್ತದೆ. ಅದನ್ನು ತಿನ್ನುವುದು ಮೊಲಕ್ಕೆ ಅಗತ್ಯ.
* ಕೆಂಪು ಅಥವಾ ಸುಣ್ಣದ ನೀರಿನಂಥ ಮೂತ್ರ: ಕೆಂಪಿಗೆ ಸಾಮಾನ್ಯವಾಗಿ ಸಹಜ ವರ್ಣದ್ರವ್ಯವೇ ಕಾರಣ, ಬಿಳುಪಿಗೆ ಕ್ಯಾಲ್ಸಿಯಂ. ಆದರೆ ರಕ್ತದ ಎಳೆ ಕಂಡರೆ, ಮರಿ ತಿಣುಕುತ್ತಿದ್ದರೆ ವೈದ್ಯರಿಗೆ ತೋರಿಸಿ.
* ದಿಢೀರನೆ ಪಕ್ಕಕ್ಕೆ ಬಿದ್ದು ಮಲಗುವುದು: ಉಸಿರಾಟ ಸರಿಯಿದ್ದು, ಕರೆದರೆ ಏಳುತ್ತಿದ್ದರೆ ಅದು ನಿರಾಳವಾಗಿದೆ ಎಂದರ್ಥ.

ಇವು ಕಂಡರೆ ಅಂದೇ ವೈದ್ಯರ ಬಳಿಗೆ

* ಮೇವು ಬಿಟ್ಟಿರುವುದು, ಹಿಕ್ಕೆ ನಿಂತಿರುವುದು ಅಥವಾ ತೀರಾ ಸಣ್ಣದಾಗಿರುವುದು.
* ನೀರಿನಂಥ ಭೇದಿ, ಉಬ್ಬಿದ ಹೊಟ್ಟೆ. ಒದ್ದೆ, ಕೊಳಕು ನೆಲದಲ್ಲಿ ಬೆಳೆದ ಮರಿಗಳಲ್ಲಿ ಕಾಕ್ಸಿಡಿಯಾ ಎಂಬ ಪರೋಪಜೀವಿ ಇದಕ್ಕೆ ಸಾಮಾನ್ಯ ಕಾರಣ. ಹಿಕ್ಕೆ ಪರೀಕ್ಷೆಯಲ್ಲಿ ಅದನ್ನು ಪತ್ತೆ ಮಾಡಬಹುದು.
* ಸೀನು, ಮೂಗು ಸುರಿಯುವುದು, ಮೂಗು ಒರೆಸಿ ಒದ್ದೆಯಾದ ಮುಂಗಾಲು, ವಾಲಿದ ತಲೆ.
* ಕಿವಿಯೊಳಗೆ ಕಂದು ಹಕ್ಕಳೆ, ಮೂಗು–ಪಾದಗಳ ಮೇಲೆ ಬಿಳಿ ಹಕ್ಕಳೆ. ಇದು ಕಜ್ಜಿ ಹುಳುವಿನ ಲಕ್ಷಣ. ಕೆಲವು ಬಗೆಯ ಕಜ್ಜಿ ಮನುಷ್ಯರಿಗೂ ತುರಿಕೆ ತರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ.
* ಬಿಸಿಲಿನ ದಿನ ಜೋರಾಗಿ ಉಸಿರಾಡುತ್ತಾ ಸುಸ್ತಾಗಿ ಬೀಳುವುದು. ಮೊಲ ಬೆವರುವುದಿಲ್ಲ, ಶಾಖವನ್ನು ಹೆಚ್ಚಾಗಿ ಕಿವಿಗಳಿಂದ ಹೊರಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಷ್ಟಪಡುತ್ತದೆ. 40 ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆ ಅದಕ್ಕೆ ಮಾರಕ. ನೆರಳಿಗೆ ತಂದು ಕಿವಿಗಳನ್ನು ತಣ್ಣೀರಿನಿಂದ ಒದ್ದೆ ಮಾಡಿ ಕರೆದೊಯ್ಯಿರಿ. ಮಂಜುಗಡ್ಡೆ ಬೇಡ.

ತಪ್ಪು ತಿಳಿವಳಿಕೆಗಳು

*"ಮೊಲದ ಆಹಾರ ಕ್ಯಾರೆಟ್."* ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ, ಅದು ತಿಂಡಿ ಮಾತ್ರ. ಮುಖ್ಯ ಆಹಾರ ಹುಲ್ಲು. ಜೀವನಪೂರ್ತಿ ಬೆಳೆಯುವ ಹಲ್ಲು ಸವೆಯಲೂ ಹುಲ್ಲೇ ಬೇಕು.

*"ಮರಿ ಅಲ್ಲವೇ, ಹಸುವಿನ ಹಾಲು ಕೊಡಿ."* ಮೊಲದ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಬಹಳ ಹೆಚ್ಚು, ಹಸುವಿನ ಹಾಲು ಅದಕ್ಕೆ ಬದಲಿಯಲ್ಲ. ಮೇವು ತಿನ್ನುವ ಮರಿಗೆ ಹಾಲಿನ ಅಗತ್ಯವೇ ಇಲ್ಲ.

*"ಹಸಿ ಹುಲ್ಲು ತಿಂದರೆ ನೀರು ಬೇಡ."* ಶುದ್ಧ ನೀರು ಯಾವಾಗಲೂ ಇರಬೇಕು. ನೀರಿಲ್ಲದಿದ್ದರೆ ಮೊಲ ಮೇವನ್ನೂ ಕಡಿಮೆ ಮಾಡುತ್ತದೆ.

*"ವಾಸನೆ ಬಂದರೆ ಸ್ನಾನ ಮಾಡಿಸಿ."* ಸ್ನಾನ ಮರಿಗೆ ವಿಪರೀತ ಭಯ ತರುತ್ತದೆ, ಮೈ ತಣ್ಣಗಾಗಿ ಪ್ರಾಣಕ್ಕೂ ಕುತ್ತಾಗಬಹುದು. ಕೊಳೆಯಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

*"ಮನೆಯಲ್ಲಿರುವ ಮಾತ್ರೆ ಸ್ವಲ್ಪ ಕೊಟ್ಟರಾಯಿತು."* ಎಲ್ಲಕ್ಕಿಂತ ಅಪಾಯಕಾರಿ ಇದೇ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಂಟುಮಾಡುವವು ಹೆಚ್ಚಿ ಮೊಲ ಸಾಯಬಹುದು. ನಾಯಿಗಳ ಉಣ್ಣೆಗೆ ಬಳಸುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ.

ಮೊದಲ ಎರಡು ವಾರ ಏನು ಮಾಡಬೇಕು?

ಮರಿ ಮೊದಲಿದ್ದಲ್ಲಿ ಏನು ತಿನ್ನುತ್ತಿತ್ತು ಎಂದು ಕೇಳಿ, ಒಂದು ವಾರ ಅದನ್ನೇ ಕೊಡಿ. ಒಣಹುಲ್ಲು ಸದಾ ಮುಂದಿರಲಿ. ಗರಿಕೆಯಂಥ ಹಸಿ ಮೇವನ್ನು ನಿಧಾನವಾಗಿ, ಒಂದೊಂದಾಗಿ ಸೇರಿಸಿ. ನೆಲ ಒಣಗಿರಲಿ. ದಿನವೂ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬೆಳೆಯುವ ಮರಿಯ ತೂಕ ಇಳಿದರೆ ಅದೇ ಮೊದಲ ಎಚ್ಚರಿಕೆ. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ಎಷ್ಟಿದೆ ಎಂದೂ ನೋಡಿ.

ಎಲ್ಲ ಪಶುವೈದ್ಯರೂ ಮೊಲಗಳಿಗೆ ಚಿಕಿತ್ಸೆ ನೀಡುವುದಿಲ್ಲ. ಹಾಗಾಗಿ ಮೊಲ ನೋಡುವ ವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ, ರಾತ್ರಿ ಸಿಗುತ್ತಾರೆಯೇ ಎಂಬುದನ್ನು ಮರಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.