ತಾಳೆಯೂ ಸತ್ಯವೂ: ಲೆಕ್ಕಶಾಸ್ತ್ರದ ಮೊದಲ ಕೋರ್ಸಿನ ಕುರಿತು ಒಂದು ಪರಿಶೀಲನೆ

ಪದವಿಪೂರ್ವ ತರಗತಿಯಲ್ಲಾಗಲಿ, ಬಿ.ಕಾಂ. ಪದವಿಯ ಮೊದಲ ಸೆಮಿಸ್ಟರಿನಲ್ಲಾಗಲಿ ಲೆಕ್ಕಶಾಸ್ತ್ರಕ್ಕೆ ಹೊಸಬರಾಗಿ ಬರುವ ವಿದ್ಯಾರ್ಥಿಗಳು ಬಹುತೇಕ ಒಂದೇ ದಾರಿಯಲ್ಲಿ ಸಾಗುತ್ತಾರೆ. ಖಾತೆಗಳ ವರ್ಗೀಕರಣ ಮತ್ತು ಡೆಬಿಟ್-ಕ್ರೆಡಿಟ್ ನಿಯಮಗಳಿಂದ ಹೊರಟ ಪಾಠವು, ವ್ಯವಹಾರಗಳನ್ನು ನಡೆದ ಕ್ರಮದಲ್ಲಿ ಬರೆದಿಡುವ ದಿನವಹಿ ಅಥವಾ ಜರ್ನಲ್, ಅವನ್ನೇ ಖಾತೆವಾರು ವಿಂಗಡಿಸುವ ಖಾತಾವಹಿ ಅಥವಾ ಲೆಡ್ಜರ್, ಎಲ್ಲ ಖಾತೆಗಳ ಶಿಲ್ಕನ್ನು ಎರಡು ಅಂಕಣಗಳಲ್ಲಿ ಕೂಡಿ ನೋಡುವ ತಾಳೆಪಟ್ಟಿ ಇವುಗಳನ್ನು ಹಾದು, ಲಾಭ-ನಷ್ಟದ ಖಾತೆ ಮತ್ತು ಅಢಾವೆ ಪತ್ರಿಕೆಯಲ್ಲಿ ಮುಗಿಯುತ್ತದೆ. ಈ ಕ್ರಮ ತರ್ಕಬದ್ಧವಾಗಿಯೇ ಇದೆ. ಆದರೆ ಇಡೀ ಕೋರ್ಸು ಎರಡು ಅಂಕಣಗಳ ಮೊತ್ತ ಸಮವಾಗುವುದನ್ನೇ ಗುರಿಯಾಗಿ ಇಟ್ಟುಕೊಂಡಾಗ, ಲೆಕ್ಕ ತಾಳೆಯಾಗುವುದಕ್ಕೂ ಲೆಕ್ಕ ನಿಜವಾಗಿರುವುದಕ್ಕೂ ಇರುವ ಅಂತರ ವಿದ್ಯಾರ್ಥಿಯ ಗಮನಕ್ಕೆ ಬಾರದೆ ಹೋಗುತ್ತದೆ. ಈ ಅಂತರವನ್ನು ಮೊದಲ ಕೋರ್ಸಿನಲ್ಲೇ ಕಲಿಸಬೇಕು, ಅದಕ್ಕಾಗಿ ಪಾಠವು ನಿಯಮದ ಬದಲು ದಾಖಲೆಯಿಂದ ಆರಂಭವಾಗಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಕನ್ನಡ ನಾಡಿಗೆ ಲೆಕ್ಕ ಬರೆಯುವ ಕೆಲಸ ಹೊಸದಲ್ಲ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಗಟ್ಟಿಮಾಡಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳಲ್ಲಿ ಮಠಗಳ ಹಾಗೂ ಸಂಸ್ಥಾನಗಳ ಆಯವ್ಯಯ ದಾಖಲಾಗುತ್ತಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ದೊರೆತ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ಕಾರ್ಯವಿಧಾನಕ್ಕೆ ಒಂದು ಅಧ್ಯಾಯ ಮೀಸಲಾಗಿದ್ದು, ಮುಂದಿನ ಅಧ್ಯಾಯದಲ್ಲಿ ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳ ಪಟ್ಟಿಯಿದೆ. ಮೊದಲು ವಸೂಲಾದುದನ್ನು ತಡವಾಗಿ ಬರೆಯುವುದು, ತಡವಾಗಿ ವಸೂಲಾದುದನ್ನು ಮೊದಲೇ ಬರೆಯುವುದು ಆ ಪಟ್ಟಿಯ ಆರಂಭದಲ್ಲೇ ಬರುತ್ತವೆ. ಒಟ್ಟು ಮೊತ್ತ ಸರಿಯಾಗಿದ್ದೂ ಲೆಕ್ಕ ಸುಳ್ಳಾಗಬಹುದೆಂಬ ತಿಳಿವಳಿಕೆ ಆ ಗ್ರಂಥಕರ್ತನಿಗೆ ಸ್ಪಷ್ಟವಾಗಿಯೇ ಇತ್ತು.

ಆದರೂ ಇಂದಿನ ಕಾಲೇಜಿನ ಕೋರ್ಸು ಈ ಪರಂಪರೆಯ ಮುಂದುವರಿಕೆಯಲ್ಲ. ಇಟಲಿಯ ವರ್ತಕ ನಗರಗಳಲ್ಲಿ ರೂಪುಗೊಂಡ ಜೋಡಿ ನಮೂದು ಪದ್ಧತಿ, ಅಂದರೆ ಪ್ರತಿ ವ್ಯವಹಾರವನ್ನೂ ಒಂದು ಕಡೆ ಡೆಬಿಟ್ ಆಗಿ, ಇನ್ನೊಂದು ಕಡೆ ಅಷ್ಟೇ ಮೊತ್ತದ ಕ್ರೆಡಿಟ್ ಆಗಿ ಬರೆಯುವ ಪದ್ಧತಿ, ಬ್ರಿಟಿಷ್ ಪಠ್ಯಪುಸ್ತಕಗಳ ಮೂಲಕ ಭಾರತದ ತರಗತಿಗೆ ಬಂತು. 1913ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಸಿಡನ್‌ಹ್ಯಾಮ್ ಕಾಲೇಜು ಇಲ್ಲಿನ ಉನ್ನತ ವಾಣಿಜ್ಯ ಶಿಕ್ಷಣದ ಮೊದಲ ನೆಲೆಗಳಲ್ಲೊಂದು. ಭಾರತದ ಬಹಿ-ಖಾತಾ ಪದ್ಧತಿಯೇ ಜೋಡಿ ನಮೂದಿಗೆ ಮೂಲವೆಂದು ಬಿ. ಎಂ. ಲಾಲ್ ನಿಗಮ್ ಅವರು 1986ರಲ್ಲಿ ವಾದಿಸಿದಾಗ, ಕ್ರಿಸ್ಟೋಫರ್ ನೋಬ್ಸ್ ಮರುವರ್ಷವೇ ಅದಕ್ಕೆ ಆಧಾರ ಸಾಲದೆಂದು ಉತ್ತರಿಸಿದರು. ಇಟಲಿಗಿಂತ ಹಿಂದಿನ ಕಾಲದ ಲೆಕ್ಕದ ಪುಸ್ತಕಗಳನ್ನೇ ಮುಂದಿಡದೆ ಇಂಥ ವಾದ ನಿಲ್ಲಲಾರದಾದ್ದರಿಂದ ನೋಬ್ಸ್ ಅವರ ನಿಲುವೇ ಹೆಚ್ಚು ಒಪ್ಪತಕ್ಕದ್ದಾಗಿದೆ.

ಈ ಪದ್ಧತಿಯ ಮೊದಲ ಮುದ್ರಿತ ವಿವರಣೆ ದೊರೆಯುವುದು ಫ್ರಾನ್ಸಿಸ್ಕನ್ ಸನ್ಯಾಸಿಯೂ ಗಣಿತದ ಬೋಧಕನೂ ಆಗಿದ್ದ ಲೂಕಾ ಪಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಪ್ರಕಟಿಸಿದ ಗಣಿತ ಗ್ರಂಥದ ಒಂದು ಭಾಗದಲ್ಲಿ. ಜಿನೋವಾ ನಗರದ 1340ರ ಲೆಕ್ಕಗಳಲ್ಲೇ ಈ ಪದ್ಧತಿ ಕಾಣುವುದರಿಂದ ಪಚೋಲಿ ಅದನ್ನು ಕಂಡುಹಿಡಿದವನಲ್ಲ. ವೆನಿಸ್ಸಿನ ವರ್ತಕರ ರೂಢಿಯನ್ನು ವಿವರಿಸುತ್ತಿರುವುದಾಗಿ ಅವನೇ ಹೇಳಿಕೊಂಡಿದ್ದಾನೆ. ಅವನು ವರ್ತಕನಿಗೆ ಮೂರು ಪುಸ್ತಕಗಳನ್ನು ಹೇಳುತ್ತಾನೆ. ದಿನವಹಿ ಮತ್ತು ಖಾತಾವಹಿ ಇಂದಿನ ವಿದ್ಯಾರ್ಥಿಗೂ ಪರಿಚಿತ. ಅವೆರಡಕ್ಕಿಂತ ಮೊದಲು ಬರುವ ಮೂರನೆಯದು ನೆನಪಿನ ವಹಿ. ವ್ಯವಹಾರ ನಡೆದ ಕೂಡಲೇ ಅದರ ಎಲ್ಲ ವಿವರಗಳನ್ನೂ, ಯಾವ ನಾಣ್ಯದಲ್ಲಿ, ಯಾವ ತೂಕದಲ್ಲಿ, ಯಾರ ಮುಖಾಂತರ ಎಂಬುದನ್ನೂ ಸೇರಿಸಿ, ಯಜಮಾನನಾಗಲಿ ಗುಮಾಸ್ತನಾಗಲಿ ಮನೆಯ ಹೆಂಗಸರಾಗಲಿ, ಬರೆಯಬಲ್ಲವರು ಯಾರೇ ಆದರೂ ಬರೆದಿಡಬೇಕಾದ ಪುಸ್ತಕವದು. ಲೆಕ್ಕ ಬಲ್ಲವನು ಅದನ್ನು ಓದಿ, ವಿಚಾರಿಸಿ, ಆಮೇಲೆ ದಿನವಹಿಗೆ ಇಳಿಸುತ್ತಿದ್ದ.

ಇಂದಿನ ಪಠ್ಯಪುಸ್ತಕಗಳ ಅಭ್ಯಾಸಗಳು ಈ ಮೊದಲ ಹಂತವನ್ನು ಸಂಪೂರ್ಣವಾಗಿ ಬಿಟ್ಟು ಎರಡನೆಯದರಿಂದ ಹೊರಡುತ್ತವೆ. 'ಜನವರಿ 5: ರಮೇಶನಿಂದ ₹10,000 ಬೆಲೆಯ ಸರಕಿನ ಉದ್ದರಿ ಖರೀದಿ' ಎಂಬ ವಾಕ್ಯ ವಿದ್ಯಾರ್ಥಿಯ ಕೈಗೆ ಬರುವ ಹೊತ್ತಿಗೆ ಲೆಕ್ಕಿಗನು ಮಾಡಬೇಕಾದ ತೀರ್ಮಾನಗಳಲ್ಲಿ ಅರ್ಧಕ್ಕೂ ಹೆಚ್ಚು ಆಗಿಹೋಗಿರುತ್ತವೆ. ಅಂಗಡಿಯಲ್ಲಿ ಇರುವುದು ಆ ವಾಕ್ಯವಲ್ಲ, ಒಂದು ಬಿಲ್ಲು. ಅದರಲ್ಲಿ ಸರಕಿನ ಬೆಲೆ ₹10,000, ಶೇ. 18ರ ದರದಲ್ಲಿ ಕೇಂದ್ರ ಜಿಎಸ್‌ಟಿ ₹900, ರಾಜ್ಯ ಜಿಎಸ್‌ಟಿ ₹900, ಒಟ್ಟು ₹11,800 ಎಂದಿರುತ್ತದೆ. ನೋಂದಾಯಿತ ವ್ಯಾಪಾರಿಯು ತಾನು ಕೊಟ್ಟ ತೆರಿಗೆಯನ್ನು ಮುಂದೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಲ್ಲವನಾದ್ದರಿಂದ ಖರೀದಿ ಖಾತೆಗೆ ಹೋಗುವುದು ₹10,000 ಮಾತ್ರ. ತೆರಿಗೆಯ ಎರಡು ಮೊತ್ತಗಳು ಬೇರೆ ಖಾತೆಗಳಲ್ಲಿ ಡೆಬಿಟ್ ಆಗಿ, ಸರಕು ಕೊಟ್ಟವನ ಖಾತೆಗೆ ₹11,800 ಕ್ರೆಡಿಟ್ ಆಗುತ್ತದೆ. ಬಿಲ್ಲಿನ ತಾರೀಖಿಗೂ ಸರಕು ಬಂದ ತಾರೀಖಿಗೂ ನಡುವೆ ಮಾರ್ಚ್ 31 ಹಾದುಹೋಗಿದ್ದರೆ ಯಾವ ವರ್ಷಕ್ಕೆ ಬರೆಯಬೇಕು, ಬಂದ ಸರಕಿನಲ್ಲಿ ಒಂದು ಭಾಗ ಯಜಮಾನನ ಮನೆಗೆ ಹೋಗಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗಳೂ ಬಿಲ್ಲನ್ನು ಕೈಯಲ್ಲಿ ಹಿಡಿದಾಗಲೇ ಏಳುತ್ತವೆ. ವ್ಯವಹಾರ ಸಂಸ್ಥೆಯೇ ಬೇರೆ, ಅದರ ಒಡೆಯನೇ ಬೇರೆ ಎಂಬ ಪ್ರತ್ಯೇಕ ಅಸ್ತಿತ್ವದ ಪರಿಕಲ್ಪನೆ ಪರೀಕ್ಷೆಯಲ್ಲಿ ಎರಡು ಅಂಕದ ವ್ಯಾಖ್ಯೆಯಾಗಿ ಉಳಿಯದೆ ಅರ್ಥವಾಗುವುದು ಇಂಥಲ್ಲಿಯೇ.

ಎರಡನೆಯ ತೊಡಕು ನಿಯಮಗಳದ್ದು. ಖಾತೆಗಳನ್ನು ವ್ಯಕ್ತಿಗತ, ವಾಸ್ತವಿಕ, ನಾಮಮಾತ್ರ ಎಂದು ಮೂರಾಗಿ ವಿಂಗಡಿಸಿ, ಪಡೆದವನಿಗೆ ಡೆಬಿಟ್ ಕೊಟ್ಟವನಿಗೆ ಕ್ರೆಡಿಟ್, ಒಳಬಂದದ್ದಕ್ಕೆ ಡೆಬಿಟ್ ಹೊರಹೋದದ್ದಕ್ಕೆ ಕ್ರೆಡಿಟ್, ಖರ್ಚು-ನಷ್ಟಗಳಿಗೆ ಡೆಬಿಟ್ ಆದಾಯ-ಲಾಭಗಳಿಗೆ ಕ್ರೆಡಿಟ್ ಎಂಬ ಮೂರು 'ಸುವರ್ಣ ನಿಯಮ'ಗಳನ್ನು ಬಾಯಿಪಾಠ ಮಾಡಿಸುವುದು ಭಾರತದ ತರಗತಿಗಳ ಹಳೆಯ ರೂಢಿ. ಸರಳ ವ್ಯವಹಾರಗಳಲ್ಲಿ ಅವು ಸರಿಯಾದ ಉತ್ತರವನ್ನೇ ಕೊಡುತ್ತವೆ. ಆದರೆ ಕೊಡಬೇಕಾಗಿ ಉಳಿದ ಬಾಡಿಗೆಯ ಖಾತೆ ಹೆಸರಿನಲ್ಲಿ ಖರ್ಚಿನಂತಿದ್ದರೂ ವ್ಯಕ್ತಿಗತ ಖಾತೆಯೆನಿಸುವುದೇಕೆ, ಯಂತ್ರದ ಮೇಲೆ ಸವಕಳಿ ಹಾಕಿದಾಗ ಹೊರಹೋದ ವಸ್ತು ಯಾವುದು ಎಂದು ಕೇಳಿದರೆ ನಿಯಮವು ತಡವರಿಸುತ್ತದೆ. ಇದಕ್ಕೆ ಪರ್ಯಾಯವಾದ ಸಮೀಕರಣ ಮಾರ್ಗವನ್ನು ಅಮೆರಿಕದ ಚಾರ್ಲ್ಸ್ ಸ್ಪ್ರೇಗ್ 1880ರಷ್ಟು ಹಿಂದೆಯೇ ಬೀಜಗಣಿತದ ರೂಪದಲ್ಲಿ ಮಂಡಿಸಿದ್ದರು. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪಠ್ಯಪುಸ್ತಕವೂ ಡೆಬಿಟ್-ಕ್ರೆಡಿಟ್ಟನ್ನು ಸಮೀಕರಣದ ಮೂಲಕವೇ ವಿವರಿಸುತ್ತದೆ. ಸಂಸ್ಥೆಯ ಬಳಿ ಇರುವ ಆಸ್ತಿಗಳ ಮೊತ್ತವು ಹೊರಗಿನವರಿಗೆ ಅದು ಕೊಡಬೇಕಾದುದೂ ಒಡೆಯನ ಬಂಡವಾಳವೂ ಸೇರಿದ ಮೊತ್ತಕ್ಕೆ ಸದಾ ಸಮ ಎಂಬುದೇ ಆ ಸಮೀಕರಣ.

ಒಬ್ಬ ವ್ಯಾಪಾರಿ ₹1,00,000 ನಗದು ಹಾಕಿ ಲೇಖನ ಸಾಮಗ್ರಿಯ ಅಂಗಡಿ ತೆರೆದನೆಂದು ಭಾವಿಸಿ, ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟು ನೋಡಬಹುದು. ಅದರಲ್ಲಿ ₹80,000ವನ್ನು ಅವನು ಬ್ಯಾಂಕಿಗೆ ಕಟ್ಟುತ್ತಾನೆ. ₹30,000ದ ಸರಕನ್ನು ಉದ್ದರಿಯಾಗಿ ತರಿಸುತ್ತಾನೆ. ಅದರಲ್ಲಿ ₹12,000 ಬೆಲೆಯದನ್ನು ₹15,000 ನಗದಿಗೆ ಮಾರುತ್ತಾನೆ. ₹2,000 ಬಾಡಿಗೆ ಕೊಡುತ್ತಾನೆ. ಈಗ ಅವನ ಬಳಿ ನಗದು ₹33,000, ಬ್ಯಾಂಕಿನಲ್ಲಿ ₹80,000, ಸರಕು ₹18,000, ಒಟ್ಟು ₹1,31,000 ಆಸ್ತಿಯಿದೆ. ಇನ್ನೊಂದು ಕಡೆ ಸರಕು ಕೊಟ್ಟವರ ಬಾಕಿ ₹30,000, ಮಾರಾಟದ ಲಾಭ ₹3,000 ಸೇರಿ ಬಾಡಿಗೆ ₹2,000 ಕಳೆದ ಬಂಡವಾಳ ₹1,01,000. ಪ್ರತಿ ವ್ಯವಹಾರದ ನಂತರವೂ ಎರಡು ಬದಿಗಳನ್ನು ಹೀಗೆ ಬರೆದು ನೋಡಿದ ವಿದ್ಯಾರ್ಥಿಗೆ ಖರ್ಚು ಏಕೆ ಡೆಬಿಟ್ ಎಂಬುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ: ಬಂಡವಾಳದ ಹೆಚ್ಚಳ ಕ್ರೆಡಿಟ್ ಆದರೆ ಅದನ್ನು ತಗ್ಗಿಸುವ ಖರ್ಚು ಡೆಬಿಟ್ ಆಗಲೇಬೇಕು.

ಸಮೀಕರಣವೂ ಒಂದು ಅಪಾಯವನ್ನು ಉಳಿಸಿಬಿಡುತ್ತದೆ. ಎರಡು ಬದಿ ಸಮವಾದರೆ ಎಲ್ಲವೂ ಸರಿ ಎಂಬ ಭಾವನೆ ಅದರಿಂದಲೂ ಹುಟ್ಟಬಹುದು. ತಾಳೆಪಟ್ಟಿಯ ಪಾಠ ಈ ಭಾವನೆಯನ್ನು ತಿದ್ದಬೇಕಾದ ಜಾಗ. ತಾಳೆಯಾಗದ ಪಟ್ಟಿಯಲ್ಲಿ ತಪ್ಪು ಹುಡುಕುವ ಜಾಣ್ಮೆ ಅನುಭವಿ ಗುಮಾಸ್ತರಿಂದ ಬಂದದ್ದು ಮತ್ತು ಕಲಿಸತಕ್ಕದ್ದು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ₹540ನ್ನು ₹450 ಎಂದು ಬರೆದಂತೆ ಅಂಕಿಗಳು ಅದಲುಬದಲಾಗಿರಬಹುದು, ವ್ಯತ್ಯಾಸ ₹2,500 ಆಗಿದ್ದರೆ ಅದರ ಅರ್ಧವಾದ ₹1,250ರ ಮೊತ್ತವೊಂದು ತಪ್ಪು ಬದಿಗೆ ಹೋಗಿರಬಹುದು. ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಅನಾಮತು ಖಾತೆಯಲ್ಲಿ ಇರಿಸುವುದುಂಟು. ಹೆಚ್ಚು ಗಮನ ಬೇಡುವುದು ತಾಳೆಯಾದ ಪಟ್ಟಿಯೊಳಗೆ ಅಡಗಿರುವ ತಪ್ಪುಗಳು. ಮೇಲಿನ ವ್ಯಾಪಾರಿ ₹9,000 ಕೊಟ್ಟು ಅಂಗಡಿಗೆ ಕಪಾಟು ತಂದು, ಅದನ್ನು ಪೀಠೋಪಕರಣ ಖಾತೆಗೆ ಬದಲು ಖರೀದಿ ಖಾತೆಗೆ ಬರೆದರೆ ತಾಳೆಪಟ್ಟಿ ಒಂದು ಪೈಸೆಯೂ ಅಲುಗುವುದಿಲ್ಲ. ಆದರೆ ವರ್ಷಕ್ಕೆ ಶೇ. 10ರಂತೆ ಸವಕಳಿ ಹಾಕುವುದಿದ್ದರೆ ಆ ವರ್ಷಕ್ಕೆ ಸೇರಬೇಕಾದ ಖರ್ಚು ₹900 ಮಾತ್ರವಾದ್ದರಿಂದ, ಲಾಭವೂ ಆಸ್ತಿಯೂ ತಲಾ ₹8,100ರಷ್ಟು ಕಡಿಮೆಯಾಗಿ ಕಾಣುತ್ತವೆ. ಬರೆಯದೇ ಬಿಟ್ಟ ವ್ಯವಹಾರವನ್ನಂತೂ ಯಾವ ಮೊತ್ತವೂ ತೋರಿಸಿಕೊಡಲಾರದು.

ಹೀಗಿರುವಾಗ ಲೆಕ್ಕದ ಪುಸ್ತಕವನ್ನು ಅದರ ಹೊರಗಿನ ಸಾಕ್ಷ್ಯದೊಡನೆ ಹೋಲಿಸುವುದನ್ನು ಮೊದಲ ಕೋರ್ಸಿನಲ್ಲಿ ನೇರವಾಗಿ ಕಲಿಸುವ ಮುಖ್ಯ ಅಧ್ಯಾಯವೆಂದರೆ ಬ್ಯಾಂಕ್ ಹೊಂದಾಣಿಕೆ ಪಟ್ಟಿಯದ್ದು. ಹಣ ಕಟ್ಟಿದಾಗ ಖಾತೆಗೆ 'ಕ್ರೆಡಿಟ್' ಆಯಿತೆಂದು ಮೊಬೈಲಿಗೆ ಸಂದೇಶ ಬರುವುದನ್ನು ದಿನವೂ ಕಾಣುವ ವಿದ್ಯಾರ್ಥಿ, ತನ್ನ ನಗದು ಪುಸ್ತಕದಲ್ಲಿ ಅದೇ ಮೊತ್ತ ಡೆಬಿಟ್ ಬದಿಯಲ್ಲಿರುವುದನ್ನು ಕಂಡು ಗೊಂದಲಕ್ಕೆ ಬೀಳುತ್ತಾನೆ. ಪಾಸ್‌ಬುಕ್ಕು ಬ್ಯಾಂಕು ಬರೆದ ಲೆಕ್ಕದ ಪ್ರತಿ. ಅಲ್ಲಿ ಗ್ರಾಹಕನ ಠೇವಣಿ ಬ್ಯಾಂಕು ತೀರಿಸಬೇಕಾದ ಸಾಲ, ಇಲ್ಲಿ ಅದೇ ಠೇವಣಿ ಗ್ರಾಹಕನ ಆಸ್ತಿ. ನಗದು ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು ₹25,000 ಇದ್ದು, ಕೊಟ್ಟ ₹4,000ದ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗದೆ, ಹಾಕಿದ ₹2,500ರ ಚೆಕ್ಕು ಇನ್ನೂ ವಸೂಲಾಗದೆ, ಬ್ಯಾಂಕು ಕಡಿದುಕೊಂಡ ₹150ರ ಶುಲ್ಕ ಇನ್ನೂ ಬರೆಯದೆ ಉಳಿದಿದ್ದರೆ ಪಾಸ್‌ಬುಕ್ಕಿನ ಶಿಲ್ಕು ₹26,350 ಆಗಿರುತ್ತದೆ. ಕೂಡುವ-ಕಳೆಯುವ ಈ ಕಸರತ್ತಿನಲ್ಲೇ ಅಧ್ಯಾಯ ಮುಗಿದುಹೋಗುವುದು ವಿಷಾದದ ಸಂಗತಿ, ಏಕೆಂದರೆ ಇಲ್ಲಿ ಕಲಿಯಬೇಕಾದುದು ತಾನೇ ಬರೆದದ್ದನ್ನು ಬೇರೊಬ್ಬರ ಬರಹದೊಡನೆ ಹೋಲಿಸಿ ನೋಡುವ ಶಿಸ್ತು.

ಆ ಶಿಸ್ತು ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಭಾರತದಲ್ಲಿ ಸಿಗುವುದು ಕಷ್ಟ. ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದ ಪ್ರಕಾರ, 2008ರ ಸೆಪ್ಟೆಂಬರ್ 30ರ ಅಢಾವೆ ಪತ್ರಿಕೆಯಲ್ಲಿ ತೋರಿಸಲಾಗಿದ್ದ ₹5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಅಸ್ತಿತ್ವದಲ್ಲೇ ಇರಲಿಲ್ಲ. ಅಷ್ಟಾದರೂ ಆ ಅಢಾವೆ ಪತ್ರಿಕೆಯ ಎರಡು ಬದಿ ಸಮವಾಗಿಯೇ ಇದ್ದವು. 2013ರ ಕಂಪನಿ ಕಾಯಿದೆಯ 128ನೆಯ ಕಲಮು ಲೆಕ್ಕಗಳನ್ನು ಜೋಡಿ ನಮೂದು ಪದ್ಧತಿಯಲ್ಲಿ, ಹಣ ಕೈಗೆ ಬಂದಾಗ ಅಥವಾ ಕೈಬಿಟ್ಟಾಗ ಎನ್ನುವುದಕ್ಕಿಂತ ಹಕ್ಕು ಮತ್ತು ಹೊಣೆ ಹುಟ್ಟಿದಾಗಲೇ ಬರೆಯುವ ಸಂಚಯ ಆಧಾರದಲ್ಲಿ ಇಡಬೇಕೆನ್ನುವುದರ ಜೊತೆಗೆ, ಅವು ಸಂಸ್ಥೆಯ ಸ್ಥಿತಿಯ ಸತ್ಯವೂ ನ್ಯಾಯಯುತವೂ ಆದ ಚಿತ್ರ ಕೊಡಬೇಕೆಂದೂ ವಿಧಿಸುತ್ತದೆ. ಪದ್ಧತಿಯೊಂದರಿಂದಲೇ ಸತ್ಯ ದೊರೆಯುವುದಾಗಿದ್ದರೆ ಎರಡನ್ನೂ ಬೇರೆಬೇರೆಯಾಗಿ ಹೇಳುವ ಅಗತ್ಯ ಕಾನೂನಿಗೆ ಇರುತ್ತಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಈ ವಾದದ ತೂಕ ಹೆಚ್ಚಿದೆಯೇ ಹೊರತು ತಗ್ಗಿಲ್ಲ. 1986ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡಿರುವ ಸಂಸ್ಥೆಯ ಟ್ಯಾಲಿ ತಂತ್ರಾಂಶ ಇಂದು ಸಣ್ಣಪುಟ್ಟ ಅಂಗಡಿಗಳವರೆಗೂ ತಲುಪಿದೆ. ಅದರಲ್ಲಿ ಎಫ್4 ಒತ್ತಿ ನಗದು-ಬ್ಯಾಂಕ್ ನಡುವಣ ವರ್ಗಾವಣೆಯನ್ನು, ಎಫ್5 ಒತ್ತಿ ಪಾವತಿಯನ್ನು, ಎಫ್9 ಒತ್ತಿ ಖರೀದಿಯನ್ನು ನಮೂದಿಸಿದರೆ ಖಾತಾವಹಿ, ತಾಳೆಪಟ್ಟಿ, ಅಢಾವೆ ಪತ್ರಿಕೆ ತಾವಾಗಿಯೇ ಸಿದ್ಧವಾಗುತ್ತವೆ. ಒಂದು ಕಾಲಕ್ಕೆ ಗುಮಾಸ್ತನ ಹೆಚ್ಚಿನ ಸಮಯವನ್ನು ನುಂಗುತ್ತಿದ್ದ ಖಾತೆಗೇರಿಸುವ ಕೆಲಸ ಹೀಗೆ ಇಲ್ಲವಾಗಿರುವಾಗ, ಉಳಿದಿರುವುದು ಕೀಲಿ ಒತ್ತುವ ಮೊದಲಿನ ತೀರ್ಮಾನ: ಈ ಬಿಲ್ಲು ಖರೀದಿಯೋ, ಆಸ್ತಿಯೋ, ಒಡೆಯನ ಸ್ವಂತ ಖರ್ಚೋ. ಕಪಾಟನ್ನು ಸರಕೆಂದು ಬರೆದರೆ ತಂತ್ರಾಂಶ ಅದನ್ನೂ ತಾಳೆಹಾಕಿ ಕೊಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು, ತಪ್ಪನ್ನು ತಿದ್ದುಪಡಿ ನಮೂದಿನಿಂದಲೇ ಸರಿಪಡಿಸಬೇಕು ಎಂಬ ಹಳೆಯ ಪಾಠಕ್ಕೂ ಈಗ ಹೊಸ ಕಾನೂನಿನ ಬಲ ಬಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನೂ ತಾರೀಖು ಸಹಿತ ಉಳಿಸಿಕೊಳ್ಳಲೇಬೇಕು.

ಈ ಹಿನ್ನೆಲೆಯಲ್ಲಿ ಮೊದಲ ಕೋರ್ಸಿನ ಆರಂಭದ ವಾರಗಳನ್ನು ನಿಜವಾದ ಬಿಲ್ಲು, ರಸೀದಿ, ಚೆಕ್ಕಿನ ಅಡಿಚೀಟಿ, ಪಾಸ್‌ಬುಕ್ಕುಗಳ ಓದಿಗೆ ಮೀಸಲಿಡುವುದು ಯುಕ್ತ. ಕರ್ನಾಟಕದ ಕಾಲೇಜುಗಳಿಗೆ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘದ ಮಾದರಿ ಇಂದು ನಾಡಿನ ಹಳ್ಳಿಹಳ್ಳಿಗಳಲ್ಲಿ ಬೇರೂರಿದ್ದು, ಸಂಘದ ಜಮಾ-ಖರ್ಚಿನ ಪಟ್ಟಿ ಎಷ್ಟೋ ವಿದ್ಯಾರ್ಥಿಗಳ ಮನೆಯವರು ಸದಸ್ಯರಾಗಿ ಕೈಯಲ್ಲಿ ಹಿಡಿದು ನೋಡುವ ಕಾಗದವೇ ಆಗಿದೆ. ಅಂಥ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಸಾಲಿನ ಹಿಂದೆ ಯಾವ ಕಾಗದ ಇರಬೇಕೆಂದು ಗುರುತಿಸುವ ಅಭ್ಯಾಸದಿಂದ ಹೊರಟರೆ ಸಮೀಕರಣವೂ ನಿಯಮವೂ ಅದರ ಬೆನ್ನಿಗೆ ಬರುತ್ತವೆ. ಪರೀಕ್ಷೆಯೂ ಬದಲಾಗಬೇಕಾಗುತ್ತದೆ. ಬಿಡಿ ಶಿಲ್ಕುಗಳನ್ನು ಕೊಟ್ಟು ತಾಳೆಪಟ್ಟಿ ತಯಾರಿಸಿರಿ ಎಂಬ ಪ್ರಶ್ನೆಯ ಪಕ್ಕದಲ್ಲಿ, ಪೂರ್ತಿ ತಾಳೆಯಾಗಿರುವ ಪಟ್ಟಿಯೊಂದನ್ನು ಕೊಟ್ಟು, ಇದನ್ನು ನಂಬುವ ಮೊದಲು ಯಾವ ಯಾವ ದಾಖಲೆಗಳನ್ನು ತರಿಸಿ ನೋಡುವಿರಿ, ಏಕೆ ಎಂದು ಕೇಳುವ ಪ್ರಶ್ನೆಯೊಂದು ಇರಬೇಕು. ಅದಕ್ಕೆ ಅಂತಿಮ ಲೆಕ್ಕಪತ್ರಗಳ ಪ್ರಶ್ನೆಗೆ ಇರುವಷ್ಟೇ ಅಂಕ ಇರಬೇಕು.