ಎರಡು ಮನೆಯವರು ಕಂಡ ರಣಜಿ: ತಂಡ ಕಟ್ಟಿದ ಕಥೆ

ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರ ಸೀಮೆಯ ಕನ್ನಡಿಗರಿಗೆ ಕ್ರಿಕೆಟ್ಟಿನಲ್ಲಿ ಎರಡು ಮನೆಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆ ಅದರ ಪಾಲಿಗೆ ಬಂತು. ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಅತ್ತ ಸೇರಿದವು. ಆಂಧ್ರದ ತಂಡ ರಣಜಿ ಟ್ರೋಫಿಯ ಕಣಕ್ಕಿಳಿದದ್ದೂ ಅದೇ 1953–54ರಲ್ಲಿ, ವೃದ್ಧಾಪ್ಯದ ಹೊಸ್ತಿಲಲ್ಲಿದ್ದ ಸಿ.ಕೆ. ನಾಯುಡು ಅವರ ನಾಯಕತ್ವದಲ್ಲಿ. ಹೀಗೆ ದಾಖಲೆಯ ಪ್ರಕಾರ ನಮ್ಮ ಮಕ್ಕಳು ಆಡಬೇಕಾದದ್ದು ಆಂಧ್ರದ ಪರವಾಗಿ. ಮನೆಯೊಳಗೆ ಕಿವಿಗೊಟ್ಟು ಕೇಳುತ್ತಿದ್ದುದು ಮಾತ್ರ ಬೆಂಗಳೂರಿನ ಸುದ್ದಿ.

ಈ ಎರಡು ಮನೆಗಳ ನಡುವೆ ನಿಂತವನಿಗೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕರ್ನಾಟಕ 1973–74ರಿಂದ 2014–15ರ ನಡುವೆ ಎಂಟು ಬಾರಿ ರಣಜಿ ಗೆದ್ದಿತು. ಆಂಧ್ರ 2024–25ರ ಋತು ಮುಗಿಯುವ ತನಕವೂ ಒಮ್ಮೆಯಾದರೂ ಅಂತಿಮ ಪಂದ್ಯವನ್ನು ಕಾಣಲಿಲ್ಲ. ಪ್ರತಿಭೆಯ ಕೊರತೆ ಎಂದು ಹೇಳಿ ಮುಗಿಸುವುದು ಸುಲಭ, ನಾನದನ್ನು ಒಪ್ಪುವವನಲ್ಲ. ಲೀಗ್ ಹಂತವನ್ನು ದಾಟುವ ತಂಡ ಬೇರೆ, ನಾಕೌಟ್ ಪಂದ್ಯಕ್ಕೆ ಸಿದ್ಧವಾದ ತಂಡ ಬೇರೆ. ಎರಡನೆಯದನ್ನು ಕಟ್ಟಲು ಕರ್ನಾಟಕಕ್ಕೂ ನಲವತ್ತು ವರ್ಷ ಹಿಡಿಯಿತೆಂಬುದನ್ನು ನಾವು ಮರೆಯುತ್ತೇವೆ.

ಆ ನಲವತ್ತು ವರ್ಷಗಳ ಆರಂಭವಾದರೂ ಎಂಥದು! 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು 48ಕ್ಕೆ ಕುಸಿಯಿತು, ಮದರಾಸು 130 ಮಾಡಿತು, ಮೈಸೂರು ಮತ್ತೆ 59ಕ್ಕೆ ಕುಸಿಯಿತು. ಎ.ಜಿ. ರಾಮಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ಪಂದ್ಯ ಅದೇ ದಿನ ಮುಗಿದುಹೋಯಿತು. ಒಂದು ಇನಿಂಗ್ಸ್ ಹಾಗೂ 23 ರನ್ನುಗಳ ಸೋಲಿನೊಂದಿಗೆ ಮೈಸೂರಿನ ರಣಜಿ ಚರಿತ್ರೆ ಶುರುವಾಯಿತು.

ಆಮೇಲೆ ಎರಡು ಬಾರಿ ಮೈಸೂರು ಅಂತಿಮ ಪಂದ್ಯಕ್ಕೆ ಬಂತು. 1941–42ರಲ್ಲಿ ಮುಂಬಯಿ ಎದುರು ಇನಿಂಗ್ಸ್ ಹಾಗೂ 281 ರನ್ನುಗಳ ಸೋಲು. 1959–60ರಲ್ಲಿ ಅದೇ ಮುಂಬಯಿ ಎದುರು ಇನಿಂಗ್ಸ್ ಹಾಗೂ 22 ರನ್ನುಗಳ ಸೋಲು. ಅಂತಿಮ ಪಂದ್ಯವನ್ನು ತಲುಪುವುದಕ್ಕೂ ಅದನ್ನು ಆಡುವುದಕ್ಕೂ ಇರುವ ಅಂತರವನ್ನು ಈ ಅಂಕಿಗಳೇ ಹೇಳುತ್ತವೆ. ಮುಂಬಯಿಯಾದರೋ 1958–59ರಿಂದ 1972–73ರವರೆಗೆ ಸತತ ಹದಿನೈದು ವರ್ಷ ಟ್ರೋಫಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಆ ಕಾಲದಲ್ಲಿ ಹುಟ್ಟಿದ ಮಗು ಹೈಸ್ಕೂಲು ಮುಗಿಸುವ ಹೊತ್ತಿಗೂ ರಣಜಿ ಎಂದರೆ ಮುಂಬಯಿ ಎಂದೇ ತಿಳಿದಿರಬೇಕು.

ಹಾಗಾದರೆ ಮೈಸೂರು ಆ ವರ್ಷಗಳಲ್ಲಿ ಮಾಡಿದ್ದೇನು? ಸೋಲುತ್ತಲೇ ಕಟ್ಟಿತು. ಬೆಂಗಳೂರಿನ ಕ್ಲಬ್ಬುಗಳ ಲೀಗ್ ಪಂದ್ಯಗಳು, ಕಾಲೇಜು ತಂಡಗಳು, ಆಟಗಾರರಿಗೆ ಕೆಲಸ ಕೊಟ್ಟು ಸಾಕಿದ ಬ್ಯಾಂಕುಗಳು ಮತ್ತು ಕಾರ್ಖಾನೆಗಳು, ಇವೆಲ್ಲ ಸದ್ದಿಲ್ಲದೆ ತಮ್ಮ ಕೆಲಸ ನಡೆಸಿದವು. ಎರಪಳ್ಳಿ ಪ್ರಸನ್ನ 1962ರಲ್ಲಿಯೇ ಟೆಸ್ಟ್ ಆಡಿ ವೆಸ್ಟ್ ಇಂಡೀಸಿಗೆ ಹೋಗಿ ಬಂದವರು. ಬಂದವರೇ ಎಂಜಿನಿಯರಿಂಗ್ ಓದು ಮುಗಿಸಲು ಕುಳಿತು, ಮತ್ತೆ ಟೆಸ್ಟ್ ತಂಡ ಸೇರುವಾಗ 1967 ಬಂದಿತ್ತು. ಮೈಸೂರಿನ ಬಿ.ಎಸ್. ಚಂದ್ರಶೇಖರ್ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಜಗತ್ತಿನ ದಾಂಡಿಗರನ್ನು ತಬ್ಬಿಬ್ಬುಗೊಳಿಸಿದರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1967ರಲ್ಲಿ ತಮ್ಮ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲಿ 230 ರನ್ ಹೊಡೆದದ್ದು ಎಲ್ಲಿ ಎಂದುಕೊಂಡಿರಿ? ವಿಜಯವಾಡದಲ್ಲಿ, ನಮ್ಮ ಆಂಧ್ರದ ಎದುರು. ನಮ್ಮ ಒಂದು ಮನೆಯ ಬೌಲಿಂಗನ್ನು ಇನ್ನೊಂದು ಮನೆಯ ಹುಡುಗ ಹೀಗೆ ದಂಡಿಸಿದಾಗ ನಮ್ಮ ಸೀಮೆಯವರು ಸಂತೋಷಪಟ್ಟರೋ ವ್ಯಸನಪಟ್ಟರೋ, ಅವರವರ ಮನಸ್ಸಿಗೇ ಗೊತ್ತು. ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ ಬಂದರು. ಬ್ರಿಜೇಶ್ ಪಟೇಲ್ ಬಂದರು. ಎಡಗೈಯ ವಿಜಯಕೃಷ್ಣ ಚೆಂಡಿನಲ್ಲಿಯೂ ಬ್ಯಾಟಿನಲ್ಲಿಯೂ ನೆರವಾದರು.

ಇಲ್ಲಿ ಗಮನಿಸಬೇಕಾದದ್ದು ಹೆಸರುಗಳ ಹೊಳಪಲ್ಲ, ಅವುಗಳ ಜೋಡಣೆ. ಎರಡೂ ತುದಿಗಳಿಂದ ದಿನವಿಡೀ ಚೆಂಡೆಸೆದು ಇಪ್ಪತ್ತು ವಿಕೆಟ್ ಪಡೆಯಬಲ್ಲ ಇಬ್ಬರು ಸ್ಪಿನ್ನರುಗಳು, ಅವರ ಚೆಂಡನ್ನು ಓದಬಲ್ಲ ಕೀಪರ್, ಹತ್ತಿರದಲ್ಲಿ ಕ್ಯಾಚ್ ಬಿಡದ ಕೈಗಳು, ಎದುರಾಳಿಗೆ ಬಾಗದ ಒಬ್ಬ ದಾಂಡಿಗ. ಮುಂಬಯಿಯನ್ನು ಮಣಿಸಲು ಇಷ್ಟೂ ಒಂದೇ ಋತುವಿನಲ್ಲಿ ಒಟ್ಟಿಗಿರಬೇಕಾಗಿತ್ತು.

1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಅದೇ ಋತುವಿನ ಉಪಾಂತ್ಯ ಪಂದ್ಯ 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಮುಂಬಯಿ ಎದುರು ನಡೆಯಿತು. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನ ಮುನ್ನಡೆ ಪಡೆದವರೇ ಮುಂದಕ್ಕೆ ಹೋಗುತ್ತಾರೆ ಎಂಬ ನಿಯಮವನ್ನು ಪ್ರಸನ್ನರ ತಂಡ ಚೆನ್ನಾಗಿ ಅರಿತಿತ್ತು. ಮೊದಲು ಆಡಿ 385 ರನ್ ಸೇರಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಳಿಕ ಮುಂಬಯಿಯ ಬ್ಯಾಟಿಂಗ್. ಸುನಿಲ್ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದ ಚೆಂಡಿನ ಬಗ್ಗೆ ಆ ತಲೆಮಾರಿನ ಬೆಂಗಳೂರಿಗರು ಇಂದಿಗೂ ಮಾತು ನಿಲ್ಲಿಸಿಲ್ಲ. ಆದರೂ ಅಜಿತ್ ವಾಡೇಕರ್ ಕ್ರೀಸಿನಲ್ಲಿ ನೆಲೆಯೂರಿ ನಿಂತಿದ್ದರು. ಅರವತ್ತು ದಾಟಿದ್ದಾಗ ಓಡುವ ಭರದಲ್ಲಿ ಜಾರಿ ಬಿದ್ದು ರನ್ ಔಟ್ ಆದರು. ಮುಂಬಯಿ 307ಕ್ಕೆ ಮುಗಿಯಿತು. 78 ರನ್ನುಗಳ ಮುನ್ನಡೆ, ಹದಿನೈದು ವರ್ಷಗಳ ಆಳ್ವಿಕೆಯ ಅಂತ್ಯ.

ವಾಡೇಕರ್ ಜಾರದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮುಂಬಯಿಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಅದೃಷ್ಟ ಬಾಗಿಲು ತಟ್ಟಿದ ಆ ಗಳಿಗೆಯಲ್ಲಿ 385 ರನ್ನುಗಳ ಗಂಟು ಮನೆಯೊಳಗಿರಬೇಕಾಗಿತ್ತು; ಅದು ಇತ್ತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಎತ್ತಿತು. ಹೊಸ ಹೆಸರು ಪಡೆದ ರಾಜ್ಯಕ್ಕೆ ಆಗಿನ್ನೂ ಅರ್ಧ ವರ್ಷವೂ ತುಂಬಿರಲಿಲ್ಲ.

1977–78ರಲ್ಲಿ ಉತ್ತರ ಪ್ರದೇಶವನ್ನು ಇನಿಂಗ್ಸ್ ಹಾಗೂ 193 ರನ್ನುಗಳಿಂದ ಸೋಲಿಸಿದ ಎರಡನೆಯ ಗೆಲುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವನಾಥ್ 247 ಹೊಡೆದರು, ಉಳಿದದ್ದು ಸುಲಭವಾಯಿತು. ಸೋಲುಗಳೇ ಹೆಚ್ಚು ಕಲಿಸುತ್ತವೆ. 1981–82ರ ಅಂತಿಮ ಪಂದ್ಯದಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಕರ್ನಾಟಕ 705 ರನ್ ಹೊಡೆಯಿತು. ಏಳುನೂರು ದಾಟಿದ ಮೇಲೂ ಸೋಲಬಹುದೆಂದು ಯಾರು ಊಹಿಸುತ್ತಾರೆ? ದೆಹಲಿಯ ಎಂಟನೆಯ ವಿಕೆಟ್ 589ಕ್ಕೆ ಬಿದ್ದಾಗ ಟ್ರೋಫಿ ಬೆಂಗಳೂರಿನ ರೈಲು ಹತ್ತಿದಂತೆಯೇ ಇತ್ತು. ಆಗ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಎಂಬ ಇಬ್ಬರು ಕೆಳ ಕ್ರಮಾಂಕದ ಆಟಗಾರರು ಮುರಿಯದ ಜೊತೆಯಾಟದಲ್ಲಿ 118 ರನ್ ಸೇರಿಸಿ 707 ತಲುಪಿಸಿದರು. ಎರಡು ರನ್ನುಗಳ ಮುನ್ನಡೆ; ಟ್ರೋಫಿ ದೆಹಲಿಗೆ. ಬ್ಯಾಟಿಂಗಿನ ರಾಶಿಯೊಂದರಿಂದಲೇ ಟ್ರೋಫಿ ಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ. ಮರುವರ್ಷವೇ ಮುಂಬಯಿ ಎದುರು, ಅದೇ ಮೊದಲ ಇನಿಂಗ್ಸ್ ಮುನ್ನಡೆಯಿಂದ, ಕರ್ನಾಟಕ ಮೂರನೆಯ ಬಾರಿ ಗೆದ್ದಿತು.

1990ರ ದಶಕದ ತಂಡವನ್ನು ನಾನು ಹೆಚ್ಚು ಮೆಚ್ಚುತ್ತೇನೆ, ಅದಕ್ಕೆ ಕಾರಣವೂ ಇದೆ. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್ ಇವರೆಲ್ಲ ದೇಶದ ತಂಡಕ್ಕೆ ಹೋದರೆ ರಾಜ್ಯದ ತಂಡದಲ್ಲಿ ಉಳಿಯುವವರು ಯಾರು? ಉಳಿದವರಲ್ಲಿ ಗದಗಿನ ಸುನಿಲ್ ಜೋಶಿ ಒಬ್ಬರು. ಬಾಲ್ಯದಲ್ಲಿ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಹಿಂದಿರುಗುತ್ತಿದ್ದವರು ಅವರು. ಕರ್ನಾಟಕ ನಾಲ್ಕನೆಯ ಬಾರಿ ಗೆದ್ದ 1995–96ರಲ್ಲಿ ಐದುನೂರಕ್ಕೂ ಹೆಚ್ಚು ರನ್, ಐವತ್ತಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಏಕೀಕರಣವಾಗಿ ನಾಲ್ಕು ದಶಕ ಕಳೆಯುವ ಹೊತ್ತಿಗೆ ಉತ್ತರ ಕರ್ನಾಟಕದ ಹುಡುಗನೊಬ್ಬ ತಂಡದ ಬೆನ್ನೆಲುಬಾದದ್ದು ಸಣ್ಣ ಸಂಗತಿಯಲ್ಲ.

1998–99ರ ಅಂತಿಮ ಪಂದ್ಯ ಬೆಂಗಳೂರಿನಲ್ಲಿ ಮಧ್ಯಪ್ರದೇಶದ ಎದುರು. ಕರ್ನಾಟಕ 304, ಮಧ್ಯಪ್ರದೇಶ 379. ಮುನ್ನಡೆ ಕೈತಪ್ಪಿತ್ತು, ಡ್ರಾ ಆದರೆ ಸೋತಂತೆ. ಎರಡನೆಯ ಇನಿಂಗ್ಸಿನಲ್ಲಿ 321 ಮಾಡಿ, ಕೊನೆಯ ದಿನ ಎದುರಾಳಿಯನ್ನು 150ಕ್ಕೆ ಉರುಳಿಸಿ ಕರ್ನಾಟಕ 96 ರನ್ನುಗಳಿಂದ ಗೆದ್ದಿತು. ಮುಖ್ಯವಾಗಿ ದಾಂಡಿಗನೆಂದೇ ಹೆಸರಾದ ವಿಜಯ್ ಭಾರದ್ವಾಜ್ ತಮ್ಮ ಆಫ್ ಸ್ಪಿನ್ನಿನಿಂದ 24 ರನ್ನಿಗೆ ಆರು ವಿಕೆಟ್ ಕಿತ್ತರು. ಸೋತ ತಂಡದ ನಾಯಕ ಚಂದ್ರಕಾಂತ್ ಪಂಡಿತ್. ಇಪ್ಪತ್ತಮೂರು ವರ್ಷಗಳ ನಂತರ, 2022ರ ಜೂನಿನಲ್ಲಿ, ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಧ್ಯಪ್ರದೇಶ ಮುಂಬಯಿಯನ್ನು ಸೋಲಿಸಿ ಮೊದಲ ರಣಜಿ ಗೆದ್ದಾಗ ಅವರೇ ತರಬೇತುದಾರರಾಗಿದ್ದರು. ಆ ಸಂಜೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ದೇಶವೇ ಕಂಡಿತು.

ದಾವಣಗೆರೆಯ ಆಟೋ ಚಾಲಕರೊಬ್ಬರ ಮಗ ವಿನಯ್ ಕುಮಾರ್. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿ ಎದುರಿನ ಅಂತಿಮ ಪಂದ್ಯವನ್ನು ಕರ್ನಾಟಕ ಕೇವಲ ಆರು ರನ್ನುಗಳಿಂದ ಸೋತಾಗ ಅವರೂ ತಂಡದಲ್ಲಿದ್ದರು. 338ರ ಬೆನ್ನು ಹತ್ತಿ ಮನೀಷ್ ಪಾಂಡೆ 144 ಹೊಡೆದರೂ ಮೊದಲ ಇನಿಂಗ್ಸಿನ 130ರ ಕುಸಿತದ ಸಾಲ ತೀರಲಿಲ್ಲ. ಆ ಸೋಲನ್ನು ಉಂಡವರೇ ನಾಯಕರಾಗಿ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ತಂದರು. ಎರಡನೆಯ ವರ್ಷದ ಅಂತಿಮ ಪಂದ್ಯದಲ್ಲಿ ಕರುಣ್ ನಾಯರ್ 328 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು ತಮಿಳುನಾಡನ್ನು 134ಕ್ಕೆ ಮುಗಿಸಿದಾಗ ವಿನಯ್ ಐದು ವಿಕೆಟ್ ಪಡೆದದ್ದು, ಬಳಿಕ ಅವರೇ ಶತಕವನ್ನೂ ಹೊಡೆದದ್ದು ಎಷ್ಟು ಜನರಿಗೆ ನೆನಪಿದೆಯೋ!

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಬೇಸ್‌ಬಾಲ್ ನೋಡುತ್ತಾರೆ. ಅಲ್ಲಿ ಒಂದು ಋತುವಿಗೆ ಒಂದೊಂದು ತಂಡ 162 ಪಂದ್ಯ ಆಡಿ, ಆಮೇಲೆ ಪ್ಲೇಆಫ್ ಎಂಬ ಚಿಕ್ಕ ಸರಣಿಗೆ ಇಳಿಯುತ್ತದೆ. ಓಕ್ಲೆಂಡ್ ತಂಡ ಕಡಿಮೆ ಹಣದಲ್ಲಿ, ಲೆಕ್ಕಾಚಾರದಿಂದ ಆಟಗಾರರನ್ನು ಆರಿಸಿ 2002ರಲ್ಲಿ 103 ಪಂದ್ಯ ಗೆದ್ದಿತು. ಆದರೆ 2000ದಿಂದ 2003ರವರೆಗೆ ನಾಲ್ಕೂ ವರ್ಷ ಪ್ಲೇಆಫಿನ ಮೊದಲ ಸುತ್ತಿನಲ್ಲೇ, ಪ್ರತಿ ಬಾರಿಯೂ ಐದನೆಯ ಪಂದ್ಯದಲ್ಲಿ ಸೋತು ಮನೆಗೆ ಮರಳಿತು. ನಮ್ಮ ರಾಯಲ್ ಚಾಲೆಂಜರ್ಸ್ ತಂಡದ್ದೂ ಹೆಚ್ಚುಕಡಿಮೆ ಅದೇ ಪಾಡಾಗಿತ್ತು. ಬ್ಯಾಟಿಂಗಿನ ಮಹಾರಥಿಗಳನ್ನು ಸೇರಿಸಿಕೊಂಡು 2009, 2011, 2016ರಲ್ಲಿ ಅಂತಿಮ ಪಂದ್ಯ ಸೋತಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿದಾಗ ಪಂದ್ಯಶ್ರೇಷ್ಠನಾದವನು 17 ರನ್ನಿಗೆ ಎರಡು ವಿಕೆಟ್ ಪಡೆದ ಕೃಣಾಲ್ ಪಾಂಡ್ಯ, ಒಬ್ಬ ಬೌಲರ್. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಆ ಗೆಲುವನ್ನು ನೆನೆಯುವಾಗ ಅವರನ್ನು ಬಿಟ್ಟು ನೆನೆಯಲಾಗದು.

ಇನ್ನು ನಮ್ಮ ಇನ್ನೊಂದು ಮನೆ. 2022–23ರ ರಣಜಿ ಕ್ವಾರ್ಟರ್ ಫೈನಲ್ ಇಂದೋರಿನಲ್ಲಿ, ಮಧ್ಯಪ್ರದೇಶದ ಎದುರು. ಆಂಧ್ರ ಮೊದಲ ಇನಿಂಗ್ಸಿನಲ್ಲಿ 379 ಮಾಡಿ, ಎದುರಾಳಿಯನ್ನು 228ಕ್ಕೆ ಹಿಡಿದು 151 ರನ್ನುಗಳ ಮುನ್ನಡೆ ಪಡೆಯಿತು. ನಾಯಕ ಹನುಮ ವಿಹಾರಿ ಚೆಂಡು ಬಡಿದು ಮಣಿಕಟ್ಟಿನ ಮೂಳೆ ಮುರಿದಿದ್ದರೂ ಎಡಗೈ ಆಟಗಾರನಂತೆ ನಿಂತು ಬ್ಯಾಟ್ ಬೀಸಿದರು. ಉಳಿದ ಸಮಯವನ್ನು ಕ್ರೀಸಿನಲ್ಲಿ ಕಳೆದಿದ್ದರೂ ಸಾಕಾಗುತ್ತಿತ್ತು. ಆದರೆ ತಂಡ ಎರಡನೆಯ ಇನಿಂಗ್ಸಿನಲ್ಲಿ 93ಕ್ಕೆ ಮುಗಿದು, ಐದು ವಿಕೆಟ್ಟುಗಳಿಂದ ಸೋತಿತು. ಮರುವರ್ಷ ಅದೇ ಇಂದೋರು, ಅದೇ ಕ್ವಾರ್ಟರ್ ಫೈನಲ್, ಅದೇ ಎದುರಾಳಿ. 170 ಬೇಕಾಗಿದ್ದಾಗ 165ಕ್ಕೆ ಆಲೌಟ್. ನಾಲ್ಕು ರನ್ನುಗಳ ಸೋಲು. ಒಬ್ಬನ ಧೈರ್ಯ ಅಲ್ಲಿ ಕಡಿಮೆಯಿರಲಿಲ್ಲ. ಕೊನೆಯ ಇನಿಂಗ್ಸಿನ ಒತ್ತಡದಲ್ಲಿ ಮತ್ತೆ ಮತ್ತೆ ನಿಂತು ರೂಢಿಯಾದ ಏಳೆಂಟು ಮಂದಿ ಇನ್ನೂ ತಯಾರಾಗಿರಲಿಲ್ಲ. ಮೈಸೂರಿಗೂ 1960ರಲ್ಲಿ ಅಂಥವರು ಇರಲಿಲ್ಲ.

ಅನಂತಪುರ ಜಿಲ್ಲೆಯಲ್ಲಿ ಈಗ ಸಾಧನಗಳಿಗೆ ಬರವಿಲ್ಲ. ವಿನ್ಸೆಂಟ್ ಫೆರರ್ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಕ್ರೀಡಾಗ್ರಾಮದ ಮೈದಾನ 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿಯ ಪಂದ್ಯಗಳನ್ನು ನಡೆಸಿತು. ಆ ಟ್ರೋಫಿಯನ್ನು ಅಲ್ಲಿ ಎತ್ತಿದ ಭಾರತ ‘ಎ’ ತಂಡದ ನಾಯಕ ಕರ್ನಾಟಕದ ಮಯಾಂಕ್ ಅಗರವಾಲ್. ನಮ್ಮ ಎರಡೂ ಮನೆಗಳು ಒಂದೇ ಅಂಗಳದಲ್ಲಿ ಸೇರಿದ ದಿನಗಳವು. ಕುಂದುರ್ಪಿಯ ಹುಡುಗನೋ ಹುಡುಗಿಯೋ ಆ ಅಂಗಳ ತಲುಪಬೇಕಾದರೆ ಬೆಳಗಿನ ಮೊದಲ ಬಸ್ಸು ಹಿಡಿದು, ಕಲ್ಯಾಣದುರ್ಗ ದಾಟಿ, ಆಯ್ಕೆಯ ದಿನ ಒಂದೆರಡು ಓವರಿನಲ್ಲಿ ತನ್ನ ಕೈಚಳಕ ತೋರಿಸಿ, ಸಂಜೆಗೆ ಹಿಂದಿರುಗಬೇಕು. ಗದಗ–ಹುಬ್ಬಳ್ಳಿಯ ದಾರಿಯೂ ಹೀಗೆಯೇ ಇತ್ತು. ಆದರೆ ಆ ದಾರಿಯ ತುದಿಯಲ್ಲಿ ದಿನದಿನವೂ ನೆಟ್ ಕಟ್ಟಿರುತ್ತಿತ್ತು, ನಾಳೆ ಬಾ ಎನ್ನುವವರೂ ಇದ್ದರು. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಗಿಂತ ಮುಂಚೆ ನಮ್ಮ ಕಡೆ ಬೇಕಾಗಿರುವುದು ಕಲ್ಯಾಣದುರ್ಗದಲ್ಲೊಂದು, ಮಡಕಶಿರಾದಲ್ಲೊಂದು ಅಂಥ ನೆಟ್, ಮತ್ತು ತಾಲ್ಲೂಕು ತಾಲ್ಲೂಕುಗಳ ನಡುವೆ ಬೇಸಿಗೆಯ ತನಕ ಬಿಡದೆ ನಡೆಯುವ ಎರಡು ದಿನಗಳ ಪಂದ್ಯಗಳು. ಒಂದು ದಿನದ ಟೆನ್ನಿಸ್ ಬಾಲ್ ಟೂರ್ನಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಎರಡನೆಯ ದಿನ ಬೆಳಿಗ್ಗೆ ಹಳೆಯ ಚೆಂಡಿನೆದುರು ಮತ್ತೆ ಗಾರ್ಡ್ ತೆಗೆದುಕೊಂಡು ನಿಲ್ಲುವ ಅಭ್ಯಾಸವನ್ನು ಅವು ಕೊಡಲಾರವು.